ಊರಿಗೆಲ್ಲ ಒಂದೇ ಒಲೆ, ಕಾಯುವವರು ಯೊನ್ನಾ

ಬೆಳಕು ಹರಿಯುತ್ತಿದೆ. ಡೆನ್ಮಾರ್ಕಿನ ವೆಸ್ಟರ್‌ಲುಂಡ್‌ ಊರಿನ ಬಿಸಿನೀರು ಕೇಂದ್ರದಲ್ಲಿ ಯೊನ್ನಾ ಕಾಫಿ ಲೋಟ ಹಿಡಿದು ನಿಂತಿದ್ದಾರೆ. ಅವರು ಮೊದಲು ನೋಡುವುದು ಕಂಪ್ಯೂಟರ್ ಪರದೆಯನ್ನಲ್ಲ, ಕಿಟಕಿಯಾಚೆಯ ಗಾಳಿಯಂತ್ರಗಳನ್ನು. ರೆಕ್ಕೆಗಳು ಬಿರುಸಾಗಿ ತಿರುಗುತ್ತಿವೆ.

"ಗಾಳಿ ಜೋರಿದ್ರೆ ಕರೆಂಟು ಅಗ್ಗ. ಈಗ್ಲೇ ಕಾಯ್ಸಿ ತುಂಬಿಟ್ಕೋಬೇಕು," ಎನ್ನುತ್ತ ಕರೆಂಟಿನ ಬಾಯ್ಲರ್ ಚಾಲೂ ಮಾಡುತ್ತಾರೆ. ಅಂಗಳದ ದೈತ್ಯ ಟ್ಯಾಂಕಿಗೆ ಕಾದ ನೀರು ಏರುತ್ತದೆ. ನೆಲದಡಿಯ ಕೊಳವೆಗಳಲ್ಲಿ ಹರಿದು ಊರಿನ ಮನೆಮನೆಯನ್ನೂ ಬೆಚ್ಚಗಿಡುವ ನೀರು ಅದು. ಜನ ಎದ್ದಾಗ ಕೋಣೆ ಬೆಚ್ಚಗಿರುತ್ತದೆ. ಯಾರಿಂದ ಎಂದು ಯಾರೂ ಕೇಳುವುದಿಲ್ಲ.

ಯೊನ್ನಾ ಹಿಂದೆ ದ್ವೀಪಕ್ಕೆ ಹೋಗುವ ಹಡಗಿನ ಇಂಜಿನ್ ಕೋಣೆಯಲ್ಲಿದ್ದವರು. ಸೇತುವೆ ಬಂತು, ಹಡಗು ನಿಂತಿತು. ಇಲ್ಲಿಗೆ ಬಂದಾಗ ಇದ್ದದ್ದು ಹುಲ್ಲಿನ ಕಂತೆ ಉರಿಸುವ ಬಾಯ್ಲರ್ ಒಂದೇ. ಕರೆಂಟಿನದು ಆಮೇಲೆ ಬಂತು. ಅದರ ಹಿಂದೆಯೇ ಬಂದ ಹೊಸ ವ್ಯವಸ್ಥೆ ಅವರಿಗೆ ನಿಜವಾದ ತಲೆನೋವು ತಂದಿತು. ಶಾಖ ಸಾಲದ ಹೊತ್ತಿನಲ್ಲಿ, ಒಪ್ಪಿದ ಮನೆಗಳ ಶಾಖವನ್ನು ಕೇಂದ್ರವೇ ತುಸು ತುಸು ತಗ್ಗಿಸುವ ಏರ್ಪಾಡು ಅದು. ಯೊನ್ನಾ ಮನೆಮನೆ ಹತ್ತಿಳಿದು, ಕೊಟ್ಟ ಕೇಕನ್ನೆಲ್ಲ ತಿಂದು, ಎಲ್ಲರಿಗೂ ವಿವರಿಸಿದರು. ಅರ್ಧ ಊರು ಒಪ್ಪಿತು. ನಿವೃತ್ತ ಕಟುಕ ಥೋರ್ಕಿಲ್ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, "ನನ್ನ ಮನೆ ಬಿಸಿಗೆ ನಿನ್ನ ಕೈ ಯಾಕಮ್ಮ?" ಎಂದುಬಿಟ್ಟ.

ಮೊದಲ ವಾರವೇ ಯೊನ್ನಾ ಶಾಖ ತಗ್ಗಿಸುವ ಹೊತ್ತನ್ನು ತಪ್ಪಾಗಿ ಹಾಕಿದ್ದರಿಂದ, ಗಾಯನ ತಂಡದ ಅಭ್ಯಾಸದ ವೇಳೆ ಚರ್ಚಿನ ಸಭಾಂಗಣ ತಣ್ಣಗಾಯಿತು. ಎಲ್ಲರೂ ಕೋಟು ತೊಟ್ಟೇ ಹಾಡಿದರು. ಬೇಕರಿಯಲ್ಲಿ ಅವರಿಗೆ 'ಬಿಸಿಗಳ್ಳಿ' ಎಂಬ ಹೆಸರು ಬಿತ್ತು. "ತಪ್ಪು ನಂದೇ, ಹೆಸರೂ ಚೆನ್ನಾಗೇ ಇತ್ತು," ಎಂದು ಈಗ ನಗುತ್ತಾರೆ.

ಕಳೆದ ಚಳಿಗಾಲದಲ್ಲಿ ಆ ಹೆಸರು ಅಳಿಯಿತು. ಹಿಮ ಗಟ್ಟಿಯಾಗಿ ಕೂತಿತ್ತು, ಗಾಳಿ ಸತ್ತೇಹೋಗಿತ್ತು. ಕರೆಂಟಿನ ಬೆಲೆ ಆಕಾಶಕ್ಕೇರಿ, ಆ ಬಾಯ್ಲರ್ ಹಚ್ಚುವಂತೆಯೇ ಇರಲಿಲ್ಲ. ಒಂದು ಬೆಳಿಗ್ಗೆ ಹುಲ್ಲಿನ ಬಾಯ್ಲರ್‌ಗೆ ಕಂತೆ ತಳ್ಳುವ ದಂಡವೂ ಮುರಿಯಿತು. ಬೇರೆ ದಂಡ ಬರುವುದು ಸಂಜೆಗೆ. ಟ್ಯಾಂಕು ಇಳಿಯುತ್ತಿತ್ತು. ಊರಂಚಿನ ಬೀದಿಗಳ ಕೊಳವೆ ಮುಚ್ಚಿದರೆ ಉಳಿದವರು ಪಾರು. ಆದರೆ ವೃದ್ಧಾಶ್ರಮವಿರುವುದು ಆ ಅಂಚಿನಲ್ಲೇ. ಕೊಳವೆ ಮುಚ್ಚಲು ಯೊನ್ನಾಗೆ ಮನಸ್ಸಾಗಲಿಲ್ಲ. ಒಪ್ಪಿದ ಮನೆಗಳ ಶಾಖ ತಗ್ಗಿಸಿ, ಉಳಿದವರಿಗೆ ಫೋನಿನಲ್ಲಿ ಸಂದೇಶ ಕಳಿಸಿದರು: ಇವತ್ತೊಂದು ದಿನ ಸ್ವೆಟರ್ ಹಾಕ್ಕೊಳ್ಳಿ, ನಿಮ್ಮ ಬಿಸಿ ಸ್ವಲ್ಪ ಸಾಲ ಕೊಡಿ.

ಒಂದೊಂದೇ ಮನೆ ಒಪ್ಪುತ್ತ ಬಂತು. ಮಧ್ಯಾಹ್ನ ಥೋರ್ಕಿಲ್ ಬೂಟಿನ ಹಿಮ ಕೊಡವುತ್ತ ತಾನೇ ಕೇಂದ್ರಕ್ಕೆ ಬಂದ. "ನಮ್ಮನೇದೂ ತಗೋ. ಮಲಗೋ ಕೋಣೆ ಒಂದು ಬಿಟ್ಬಿಡು. ನನ್ನ ಹೆಂಡ್ತಿ ಕಾಲು ತಣ್ಣಗಾದ್ರೆ ನನ್ನ ಬೆನ್ನಿಗೆ ಒತ್ತುತಾಳೆ," ಎಂದ. ಯೊನ್ನಾಗೆ ನಗುವೂ ಅಳುವೂ ಒಟ್ಟಿಗೇ ಬಂತು. ಸಂಜೆ ದಂಡ ಬಂತು, ಬಾಯ್ಲರ್ ಮತ್ತೆ ಹೊತ್ತಿಕೊಂಡಿತು.

ಯಾರೂ ಹಾರ ಹಾಕಲಿಲ್ಲವಲ್ಲ ಎಂದರೆ ಯೊನ್ನಾ ಅದೇನೂ ಬೇಡ ಎಂದು ತಲೆಯಾಡಿಸುತ್ತಾರೆ. ಮರುದಿನ ವೃದ್ಧಾಶ್ರಮದಿಂದ ಒಂದು ಫೋನು ಬಂದಿತ್ತಂತೆ.

"ಅಲ್ಲಿನ ಅಜ್ಜಿ ಒಬ್ರು ಬೈದ್ರು. ನಿನ್ನೆ ಇಡೀ ದಿನ ಸೆಕೆ, ಕಿಟಕಿ ತೆಗೆದಿಟ್ಕೊಂಡು ಕೂತಿದ್ದೆ, ನಿಂಗೆ ಕೆಲಸ ಬರಲ್ವಾ ಅಂತ. ಇಷ್ಟು ವರ್ಷದಲ್ಲಿ ನಂಗೆ ಬಂದ ಒಳ್ಳೇ ದೂರು ಅದೇ."