ನನಗೂ ತೆರೆಯದ ಫೈಲು

ಕೊಟ್ಟೂರಿನಿಂದ ದಿನಾ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಗೆ ಹೋಗಿ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ನಾನು. ಒಂದು ದಿನ ನನ್ನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಅಲ್ಲಿಗೆ ಬಂದು ರಕ್ತ ಕೊಟ್ಟಳು. ಹೊರಡುವಾಗ ನನ್ನ ಕೈ ಹಿಡಿದಳು.

“ಅಕ್ಕಾ, ರಿಪೋರ್ಟ್ ಮನ್ಯಾಗ ಯಾರಿಗೂ ಗೊತ್ತಾಗಬಾರ್ದ್ರಿ. ನೀವೂ ನೋಡಬ್ಯಾಡ್ರಿ.”

ಅವಳಿಗೆ ಇನ್ನೂ ಮಕ್ಕಳಾಗಿರಲಿಲ್ಲ. ನಮ್ಮತ್ತೆ ಆ ರಿಪೋರ್ಟಿಗಾಗಿ ಕಾದು ಕೂತಿದ್ದರು. ನನಗೆ ಚಿಂತೆ ಹತ್ತಿತು, ಏಕೆಂದರೆ ನಮ್ಮ ಲ್ಯಾಬಿನಲ್ಲಿ ಯಾರ ರಿಪೋರ್ಟನ್ನು ಯಾರು ಬೇಕಾದರೂ ತೆರೆಯಬಹುದಿತ್ತು. ಗಡಿಗೆಯ ಬಾಯಿ ಮುಚ್ಚಬಹುದು, ಊರಿನ ಬಾಯಿ ಮುಚ್ಚಲಾಗದು ಎನ್ನುತ್ತಾರೆ. ಹಾಗಾದರೆ ಮೊದಲು ಫೈಲಿನ ಬಾಯಿ ಮುಚ್ಚಬೇಕು ಎಂದುಕೊಂಡೆ.

ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಪ್ರತಿ ರಿಪೋರ್ಟಿಗೂ ಒಂದು ಅನುಮತಿ ಪಟ್ಟಿ: ಲ್ಯಾಬಿನ ಡಾಕ್ಟರಮ್ಮ ಓದಬಹುದು, ಟೆಕ್ನಿಷಿಯನ್ ಓದಬಹುದು, ಬೇರೆ ಯಾರೂ ಓದುವಂತಿಲ್ಲ. ಅದನ್ನು ಫೈಲಿಗೆ ಹಚ್ಚಲು ಹೋದರೆ ಕಂಪ್ಯೂಟರ್ ಪಟ್ಟಿಯೇ ಸರಿಯಿಲ್ಲ ಎಂದಿತು. ಏನು ಸರಿಯಿಲ್ಲ ಎಂದು ಬಾಯಿ ಬಿಡಲಿಲ್ಲ, ಮಹಾರಾಯ.

ಟೆಕ್ನಿಷಿಯನ್ ನಕ್ಕರು. “ಯಾಕ್ರಿ ಮೇಡಂ ತಲಿ ಕೆಡಿಸ್ಕೊಂತೀರಿ? ಎಲ್ಲಾರಿಗೂ ತೆರದುಬಿಡ್ರಿ, ಮುಗೀತು.”

“ಹಂಗ ಮುಗಿಯಂಗಿಲ್ರಿ,” ಎಂದೆ. ಹಿಡಿದ ಹಟ ಬಿಡುವ ಪೈಕಿಯಲ್ಲ ನಾನು.

ಪಟ್ಟಿಯನ್ನು ಹಚ್ಚುವ ಮೊದಲೇ ಅದು ಸರಿಯಿದೆಯೇ ಎಂದು ಪರೀಕ್ಷಿಸುವ ಫಂಕ್ಷನ್ ಒಂದನ್ನು ಸೇರಿಸಿದೆ. ಆಗ ತಪ್ಪು ಸಿಕ್ಕಿತು. ಟೆಕ್ನಿಷಿಯನ್‌ರನ್ನು ಹೆಸರು ಹಿಡಿದು ಸೇರಿಸಿದ್ದೆ. ಹಾಗೆ ಯಾರನ್ನಾದರೂ ಸೇರಿಸಿದರೆ, ಆ ಅನುಮತಿ ಎಲ್ಲಿಯವರೆಗೆ ಎಂದು ಮಿತಿ ಹಾಕುವ ‘ಮಾಸ್ಕ್’ ಎಂಬ ಸಾಲೂ ಇರಲೇಬೇಕು. ಅದನ್ನೇ ನಾನು ಬಿಟ್ಟಿದ್ದೆ. ಸೇರಿಸಿದೆ, ಪಟ್ಟಿ ಪಾಸಾಯಿತು. ಆಮೇಲೆ ಎಲ್ಲವನ್ನೂ ತೆರೆಯುವ ಮುಖ್ಯ ಪಾಸ್‌ವರ್ಡನ್ನು ಡಾಕ್ಟರಮ್ಮನ ಕೈಯಿಂದಲೇ ಬದಲು ಮಾಡಿಸಿದೆ; ಅವರು ಹೊಸದನ್ನು ಒತ್ತುವಾಗ ನಾನು ಮುಖ ತಿರುಗಿಸಿ ನಿಂತೆ.

ರಿಪೋರ್ಟ್ ಬಂದ ದಿನ ಅತ್ತೆ ಬಸ್ಸು ಹತ್ತಿ ಲ್ಯಾಬಿಗೇ ಬಂದರು.

“ತೆಗಿ, ನೋಡೋಣು.”

ಅವರ ಕಣ್ಣೆದುರಿಗೇ ತೆರೆಯಲು ಹೋದೆ. ಅನುಮತಿ ಇಲ್ಲ ಎಂದಿತು ಪರದೆ.

“ನೀನ ಮಾಡಿದ್ದು, ನಿನಗ ತೆಗ್ಯಾಕ ಬರಂಗಿಲ್ಲೇನು?”

“ನನಗೂ ಬರಬಾರ್ದು ಅಂತನ ಮಾಡೀನ್ರಿ, ಅತ್ತಿ. ಬೇಕಂದ್ರ ನಿಮ್ಮ ಸಣ್ಣ ಸೊಸೀನ್ನ ಕೇಳ್ರಿ.”

ಅತ್ತೆ ಮುಖ ಊದಿಸಿಕೊಂಡು ಮುಂದಿನ ಬಸ್ಸಿಗೆ ಹೋದರು. ನನಗೆ ಭಯವಾಗಿತ್ತು, ಆದರೂ ಖುಷಿಯಾಗಿತ್ತು.

ಕೆಲವು ದಿನಗಳ ಮೇಲೆ ವಾರಗಿತ್ತಿ ರೊಟ್ಟಿ ಬಡಿಯುತ್ತಾ, ಪಕ್ಕದಲ್ಲಿ ಕೂತಿದ್ದ ನನಗೆ ತಾನಾಗಿಯೇ ಎಲ್ಲ ಹೇಳಿದಳು. ಏನು ಹೇಳಿದಳೆಂದು ಇಲ್ಲಿಯೂ ಬರೆಯುವುದಿಲ್ಲ.