ಕಳೆದ ದನಿ ಹುಡುಕಿಕೊಡುವ ಯಲ್ಲಾಲಿಂಗ

ಮುಂಬಯಿಯ ಗೋರೆಗಾಂವ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಡಬ್ಬಿಂಗ್ ಸ್ಟುಡಿಯೋದ ಮೇಜಿನ ಕೆಳಗೆ ಮೊಣಕಾಲೂರಿ ಕೂತ ಯಲ್ಲಾಲಿಂಗ ಮೈಕಿನ ವೈರನ್ನು ಕಿತ್ತು ಮತ್ತೆ ಸಿಕ್ಕಿಸುತ್ತಾರೆ. ಪರದೆಯ ಮೇಲಿನ ದನಿಯ ಗೆರೆ ಮಿಸುಕುವುದಿಲ್ಲ. ರಾತ್ರಿ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿದೆ, ಬೆಳಗ್ಗೆ ಎದ್ದರೆ ಕಿವುಡು.

"ಅಣ್ಣಾ, ಕಲ್ ತಕ್ ಎಲ್ಲಾ ಬರೋಬರ್ ಇತ್ತು," ಎನ್ನುತ್ತಾನೆ ರೆಕಾರ್ಡಿಂಗ್ ಮಾಡುವ ಹಿತೇಶ್. ಅವನ ಹಣೆ ಏಸಿಯಲ್ಲೂ ಬೆವರಿದೆ.

ಗಾಜಿನಾಚೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ನಿಂತವರು ಉಡುಪಿ ಕಡೆಯ ಪ್ರಫುಲ್ಲಾ. ಕನ್ನಡಕ್ಕೆ ಡಬ್ ಆಗುವ ಎಷ್ಟೋ ಸಿನಿಮಾಗಳ ಅಮ್ಮಂದಿರಿಗೆ ಇವರದೇ ಕಂಠ. ಆ ಕಂಠದಲ್ಲೀಗ ಗಂಟು. ಮಧ್ಯಾಹ್ನ ಆಸ್ಪತ್ರೆ ಸೇರಬೇಕು. ಅಷ್ಟರೊಳಗೆ ಒಂದೇ ಒಂದು ದೃಶ್ಯ ಮುಗಿಯಬೇಕು: ತಾಯಿಯೊಬ್ಬಳು ಕಡಲ ದಂಡೆಯಲ್ಲಿ ಮಗಳನ್ನು ಕೂಗಿ ಕರೆಯುವುದು. ಗಂಟಲು ತಾಳಿದರೆ ಒಂದು ಕೂಗಿಗೆ ತಾಳೀತು, ಎರಡನೆಯದಕ್ಕಲ್ಲ.

"ಆಪರೇಷನ್ ಆದ ಮೇಲೆ ಸ್ವರ ಹೀಗೇ ಇರ್ತದಾ ಅಂತ ಡಾಕ್ಟ್ರಿಗೇ ಗೊತ್ತಿಲ್ಲ ಮಾರಾಯ," ಎಂದು ಅವರು ಬಾಗಿಲು ಸರಿಸಿ ಪಿಸುಗುಟ್ಟುತ್ತಾರೆ. "ಇವತ್ತೇ ಆಗ್ಬೇಕು."

ಯಲ್ಲಾಲಿಂಗ ಕಲಬುರಗಿ ಜಿಲ್ಲೆಯವರು. ಕಟ್ಟಡ ಕೆಲಸಕ್ಕೆಂದು ತಂದೆಯ ಜೊತೆ ಮುಂಬಯಿಗೆ ಬಂದವರು, ಆಂಟಾಪ್ ಹಿಲ್‌ನ ರಿಪೇರಿ ಅಂಗಡಿಯೊಂದರಲ್ಲಿ ಹಳೆ ಕಂಪ್ಯೂಟರ್‌ಗಳ ಧೂಳು ಒರೆಸುತ್ತಲೇ ವಿದ್ಯೆ ಕಲಿತರು. ಈಗ ದಿನಕ್ಕೆ ಐದಾರು ಸ್ಟುಡಿಯೋ ಸುತ್ತುತ್ತಾರೆ, ಲೋಕಲ್ ರೈಲಿನಲ್ಲಿ ನಿಂತೇ ವಡಾಪಾವ್ ಮುಗಿಸುತ್ತಾರೆ. ಸಿನಿಮಾದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಇವರದು ಮಾತ್ರ ಇರುವುದಿಲ್ಲ. "ಕೆಟ್ಟಾಗ ಅಷ್ಟ ನೆನಪಾಗ್ತೀನ್ರಿ," ಎಂದು ಬೇರೆ ದಿನವಾದರೆ ನಗುತ್ತಿದ್ದರು.

ವೈರ್ ಸರಿಯಿದೆ, ಮೈಕೂ ಸರಿಯಿದೆ. ಮೈಕ್ ಬಳಸಲು ಯಾವ ಸಾಫ್ಟ್‌ವೇರ್‌ಗೆಲ್ಲ ಅನುಮತಿಯಿದೆ ಎಂದು ಸೆಟ್ಟಿಂಗ್ಸ್ ತೆರೆದು ನೋಡುತ್ತಾರೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಎದುರು ಆಫ್ ಎಂದಿದೆ.

"ಚಾಲೂ ಮಾಡಿದಾಗ ಏನರೆ ಕೇಳಿತ್ತೇನು?"

"ಹಾಂ, ಮೈಕ್ ಯೂಸ್ ಮಾಡ್ಲಾ ಅಂತ ಕೇಳ್ತು. ನಾನು ನೋ ಒತ್ತಿದೆ. ಏನ್ ಕೇಳಿದ್ರೂ ನೋ ಒತ್ತು ಅಂತ ನೀವೇ ಬೋಲಾ ಥಾ ನಾ ಅಣ್ಣಾ!"

ಯಲ್ಲಾಲಿಂಗರ ಮುಖ ಸಪ್ಪಗಾಗುತ್ತದೆ. ಪಕ್ಕದ ಸ್ಟುಡಿಯೋದವರು ಯಾವುದಕ್ಕೋ ಹೂಂ ಎಂದೊತ್ತಿ ವೈರಸ್ ಒಳಬಿಟ್ಟುಕೊಂಡ ಮೇಲೆ, ಹೋದಲ್ಲೆಲ್ಲ ಇವರು ಹೇಳಿಕೊಟ್ಟದ್ದು ಇದೊಂದೇ ಪಾಠ. ಪಾಪ, ಹಿತೇಶ್ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ.

"ತಪ್ಪು ನಂದ ಐತಿ ತಮ್ಮಾ. ಓದಿ ಒತ್ತು ಅನ್ನಬೇಕಿತ್ತು."

ಅನುಮತಿ ಕೊಟ್ಟು, ಸಾಫ್ಟ್‌ವೇರ್ ಮುಚ್ಚಿ ತೆರೆಯುತ್ತಾರೆ. ಚಿಟಿಕೆ ಹೊಡೆದರೆ ಗೆರೆ ಕುಣಿಯುತ್ತದೆ. ಆದರೆ ಹೆಡ್‌ಫೋನ್ ಹಾಕಿಕೊಂಡ ಪ್ರಫುಲ್ಲಾ ತಲೆಯಾಡಿಸುತ್ತಾರೆ, ಏನೂ ಕೇಳಿಸುತ್ತಿಲ್ಲ. ಹಾಳು ಅಪ್‌ಡೇಟ್ ಶಬ್ದವನ್ನೆಲ್ಲ ಗೋಡೆಯ ಟಿವಿಗೆ ತಿರುಗಿಸಿಬಿಟ್ಟಿದೆ! ಯಲ್ಲಾಲಿಂಗ ಅದನ್ನೂ ಹೆಡ್‌ಫೋನಿಗೆ ಮರಳಿಸುತ್ತಾರೆ.

ಇಷ್ಟಾದರೂ ಅವರಿಗೆ ಧೈರ್ಯ ಸಾಲದು. ಮೈಕ್ ಮುಂದೆ ತಾವೇ ಹೋಗಿ ನಿಲ್ಲುತ್ತಾರೆ. "ಮೊದಲ ನಾ ಒದರ್ತೀನ್ರಿ ಅಕ್ಕಾರ. ನಿಮ್ಮ ದನಿ ಖರ್ಚಾಗೂದು ಬ್ಯಾಡ." ಕಣ್ಣು ಮುಚ್ಚಿ, ಇದ್ದ ಬದ್ದ ಉಸಿರೆಲ್ಲ ಸೇರಿಸಿ "ಯವ್ವಾ!" ಎಂದು ಕೂಗುತ್ತಾರೆ. ಹಿತೇಶ್ ಅದನ್ನು ಮತ್ತೆ ಕೇಳಿಸುತ್ತಾನೆ. ದನಿ ಎಲ್ಲೂ ಒಡೆದಿಲ್ಲ.

ಈಗ ಪ್ರಫುಲ್ಲಾ. ಪರದೆಯ ಮೇಲೆ ಕಡಲು. ಅವರು ಕೂಗುತ್ತಾರೆ, ಕೂಗು ಕೊನೆಯಲ್ಲಿ ತುಸು ಹರಿಯುತ್ತದೆ, ಹರಿದಲ್ಲೇ ಎದೆಗೆ ನಾಟುತ್ತದೆ. ಗೆರೆ ಪೂರ್ತಿ ಮೂಡಿದೆ. ಹಿತೇಶ್ ಸೇವ್ ಒತ್ತಿ, ಎದ್ದು ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಾನೆ.

ಪ್ರಫುಲ್ಲಾ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನಿಲ್ಲುತ್ತಾರೆ. "ಇನ್ನು ಬರುವಾಗ ಈ ಸ್ವರ ಇರ್ಲಿಕ್ಕಿಲ್ಲ."

ಯಲ್ಲಾಲಿಂಗ ವೈರ್ ಸುತ್ತುತ್ತಿದ್ದಾರೆ, ತಲೆ ಎತ್ತುವುದಿಲ್ಲ.

"ಯಾವ ದನಿ ಇರ್ತದೋ ಅದನ್ನ ತಗೊಂಡು ಬರ್ರಿ ಅಕ್ಕಾರ. ಮೈಕ್ ನಾ ಹಚ್ಚಿಕೊಡ್ತೀನಿ."