ಮಾದರಿ ಗಂಡನನ್ನು ಆರಿಸಿದ ಮುರುಗೇಶನ್

ಮುರುಗೇಶನ್ ಸಭೆಗೆ ಬರುವಾಗ ಸರ್ಕಾರದ ಕೈಪಿಡಿ ಮರೆತಾರು, ಸಾಂಬಾರ್ ಈರುಳ್ಳಿಯ ಚೀಲ ಮಾತ್ರ ಮರೆಯುತ್ತಿರಲಿಲ್ಲ. ನೆಲಕ್ಕೆ ಹಳೆಯ ಪೇಪರ್ ಹಾಸಿ, ಬಂದ ಗಂಡಸರಿಗೆಲ್ಲ ಒಂದೊಂದು ಹಿಡಿ ಹಂಚುತ್ತಿದ್ದರು. ಸುಲಿಯುತ್ತ ಮಾತಾಡಬೇಕು. ಸುಲಿದದ್ದು ಪಕ್ಕದ ಅಂಗನವಾಡಿಯ ಅಡುಗೆಗೆ. ಯಾರ ಕಣ್ಣಲ್ಲಾದರೂ ನೀರು ಬಂದರೆ ಯಾಕೆಂದು ಯಾರೂ ಕೇಳುವಂತಿರಲಿಲ್ಲ. ಅವರು ಈರುಳ್ಳಿಯನ್ನೇ ತರುತ್ತಿದ್ದದ್ದು ಇದಕ್ಕೇ ಎಂದು ನನಗೆ ತಿಳಿದದ್ದು ತಡವಾಗಿ.

ಹೆಣ್ಣುಮಕ್ಕಳಿಗೆ ಸಮಾನತೆ ಬರಬೇಕಾದರೆ ಗಂಡಸರನ್ನೂ ಹುಡುಗರನ್ನೂ ಕೂರಿಸಿಕೊಂಡು ಮಾತಾಡಬೇಕು ಎಂದು ಸರ್ಕಾರ ಶುರುಮಾಡಿದ ಸಭೆ ಅದು. ಮೈಲಾಪೂರಿನಲ್ಲಿ ನಮ್ಮ ಮನೆಯ ಹತ್ತಿರದ ಸಮುದಾಯ ಭವನದಲ್ಲಿ ಶನಿವಾರ ಸಂಜೆ ನಡೆಯುತ್ತಿತ್ತು. ನಾನು ಟಿ. ನಗರದ ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷ ಸೀರೆ ಬಿಡಿಸಿ ತೋರಿಸಿ ನಿವೃತ್ತನಾದವನು. ಹೊತ್ತು ಹೋಗದೆ ಹೋದೆ. ಕಾಫಿ, ಕಡಲೆಕಾಳಿನ ಸುಂಡಲ್ ಕೊಡುತ್ತಾರೆಂದೂ ಕೇಳಿದ್ದೆ.

ಸಭೆ ನಡೆಸಿಕೊಡುತ್ತಿದ್ದ ಮುರುಗೇಶನ್ ಎಣ್ಣೂರಿನವರು. ಲಾರಿ ಓಡಿಸಿಕೊಂಡು ಮಂಡ್ಯ, ಮೈಸೂರು ಸುತ್ತಿದ್ದರಿಂದ ನನ್ನ ಜೊತೆ ತಮ್ಮದೇ ಒಂದು ಕನ್ನಡ ಆಡುತ್ತಿದ್ದರು. ಮೊದಲ ದಿನವೇ ಪರಿಚಯ ಹೇಳಿಕೊಂಡರು: "ನಾನು ಹೆಂಡ್ತೀನ ಹೊಡೀತಿದ್ದೆ ಸಾರ್. ಈಗ ನಿಲ್ಲಿಸಿಬಿಟ್ಟೆ. ಅದೇ ನನ್ನ ಕ್ವಾಲಿಫಿಕೇಷನ್, ಬೇರೆ ಡಿಗ್ರಿ ಇಲ್ಲ."

ಕೈಪಿಡಿಯಲ್ಲಿ 'ಪುರುಷರ ಪಾಲ್ಗೊಳ್ಳುವಿಕೆ' ಎಂಬ ಅಧ್ಯಾಯ ಬಂದಾಗ ಎರಡು ಸಾಲು ಓದಿ ಮುಚ್ಚಿಟ್ಟರು. ತಟ್ಟೆ ತೊಳೆಯುವುದು, ಕೈ ಎತ್ತದಿರುವುದು, ಮಗ ಅತ್ತರೆ ಹೆಣ್ಣಾ ನೀನು ಎಂದು ಹೀಯಾಳಿಸದಿರುವುದು, ಇಷ್ಟೇ ಇದರಲ್ಲಿರುವುದು ಎಂದರು. ತಟ್ಟೆ ತೊಳೆದರೆ ಸರ್ಕಾರ ಸೋಪು ಕೊಡುತ್ತದಾ ಎಂದು ಒಬ್ಬ ಆಟೋದವನು ಕೆಣಕಿದ. ಕೊಡುತ್ತದೆ, ಮೊದಲು ತೊಳೆದದ್ದಕ್ಕೆ ನಿನ್ನ ಹೆಂಡತಿಯ ಸಹಿ ಹಾಕಿಸಿಕೊಂಡು ಬಾ ಎಂದು ಮುರುಗೇಶನ್ ಅವನ ಮುಂದೆ ಇನ್ನೊಂದು ಹಿಡಿ ಈರುಳ್ಳಿ ಸುರಿದರು.

ಪ್ರತಿಯೊಬ್ಬರೂ ತಮ್ಮ ಮನೆಯ ವಿಷಯ ಹೇಳಬೇಕಿತ್ತು. ನನ್ನ ಸರದಿ ಬಂದಾಗ, ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲ ಅಂದೆ. ನನ್ನ ಹೆಂಡತಿ ಜಯಮ್ಮನ ಎಡಗಿವಿ ಕೇಳದಂತಾದದ್ದು ನನ್ನ ಕೈಯಿಂದ. ಮಗಳ ಮದುವೆಯಾದ ವರ್ಷ, ಒಂದು ದಿನ ಅಂಗಡಿಯಲ್ಲಿ ಬೈಸಿಕೊಂಡು ಬಂದಿದ್ದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಷ್ಟೇ. ಇದನ್ನು ಕಾರಣ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಅದೇ ಮೊದಲ ಏಟೂ ಅಲ್ಲ.

ಮಹಿಳಾ ದಿನಕ್ಕೆ ಪ್ರತಿ ವಾರ್ಡಿನಿಂದ ಒಬ್ಬ 'ಮಾದರಿ ಗಂಡ'ನ ಹೆಸರು ಕಳಿಸಬೇಕೆಂದು ಮೇಲಿನಿಂದ ಆದೇಶ ಬಂತು. ಸಭೆ ತಪ್ಪಿಸದೆ, ಯಾರ ಜೊತೆಗೂ ಜಗಳಕ್ಕೆ ಹೋಗದೆ, ನೀಟಾಗಿ ಈರುಳ್ಳಿ ಸುಲಿಯುತ್ತಿದ್ದವನು ನಾನು. ಮುರುಗೇಶನ್ ನನ್ನ ಹೆಸರು ಬರೆದರು. ಬೇಡ ಅನ್ನಲು ನನಗೆ ಒಂದು ವಾರ ಸಮಯವಿತ್ತು. ಅನ್ನಲಿಲ್ಲ. ಜಯಮ್ಮನಿಗೆ ಒಳ್ಳೆಯ ಸೀರೆ ಉಟ್ಟುಕೋ ಅಂದೆ.

ತುಂಬಿದ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಮುರುಗೇಶನ್ ಮೈಕು ಹಿಡಿದು ಜಯಮ್ಮನ ಎಡಗಡೆ ನಿಂತು ಏನೋ ಕೇಳಿದರು. ಅವಳು ಪೂರ್ತಿ ತಿರುಗಿ ಬಲಗಿವಿ ಕೊಟ್ಟಳು. ಎರಡನೇ ಸಲವೂ ಹಾಗೆಯೇ. ಅವರು ಮೈಕು ಕೆಳಗಿಳಿಸಿ, "ಅಮ್ಮಾ, ಆ ಕಿವಿಗೆ ಏನಾಯ್ತು?" ಎಂದರು. ಜಯಮ್ಮ ಒಮ್ಮೆ ನನ್ನ ಕಡೆ ನೋಡಿದಳು. "ಜ್ವರ ಬಂದು ಹಾಗಾಯ್ತು" ಅಂದಳು. ಮುರುಗೇಶನ್ ಕೂಡ ನನ್ನ ಕಡೆ ನೋಡಿದರು. ಅವರಿಗೆ ತಿಳಿದುಹೋಯಿತು. ನಾನು ಶಾಲು ಸರಿಮಾಡಿಕೊಂಡೆ.

ಆಮೇಲೆ ನಾನು ಸಭೆಯ ಕಡೆ ತಲೆಹಾಕಲಿಲ್ಲ. ಎರಡು ತಿಂಗಳಾದ ಮೇಲೆ ಬಸ್ ಸ್ಟಾಪಿನಲ್ಲಿ ಅವರೇ ಸಿಕ್ಕರು. ನಾನು ಬಾಯಿ ಬಿಡುವ ಮೊದಲೇ ಹೇಳಿದರು: "ನಿಮ್ಮ ಮನೆಗೆ ಬಂದಿದ್ದೆ ಸಾರ್, ನೀವು ಇರಲಿಲ್ಲ. ಅಮ್ಮನ ಹತ್ರ ಮನ್ನಿಪ್ಪು ಕೇಳಿದೆ. ಗಂಡನ್ನ ಪಕ್ಕದಲ್ಲಿ ನಿಲ್ಲಿಸಿ ಹೆಂಡ್ತೀನ ಕೇಳಿದ್ರೆ ಅವ್ರು ಬೇರೆ ಏನು ಹೇಳ್ತಾರೆ? ತಪ್ಪು ನಂದು."

ಮನ್ನಿಪ್ಪು ಅಂದರೆ ಕ್ಷಮೆ. ಮೂರು ನಿಮಿಷದ ತಪ್ಪಿಗೆ ಅವರು ನನ್ನ ಮನೆಯ ಮೆಟ್ಟಿಲು ಹತ್ತಿ ಕ್ಷಮೆ ಕೇಳಿ ಹೋಗಿದ್ದರು. ನನ್ನ ತಪ್ಪಿನ ಸುದ್ದಿ ಎತ್ತಲಿಲ್ಲ. ಬಸ್ಸು ಬಂತು, ಹತ್ತಿದರು. ಅವರನ್ನು ನೋಡಿದ್ದು ಅದೇ ಕೊನೆ.

ಮನೆಗೆ ಬಂದು, ಮುರುಗೇಶನ್ ಬಂದಿದ್ದರಂತೆ ಅಂದೆ. ಹೌದು, ಮಜ್ಜಿಗೆ ಕುಡಿದು ಹೋದರು ಅಂದಳು ಜಯಮ್ಮ. ಕೈಕೆಲಸ ನಿಲ್ಲಿಸಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ನಾನು ಕನ್ನಡಕ ಎಲ್ಲಿ ಅಂತ ಕೇಳಿದೆ.

ಹೋದ ತಿಂಗಳು, ಮುರುಗೇಶನ್ ಎದೆನೋವಿನಿಂದ ತೀರಿಕೊಂಡರೆಂದು ಅದೇ ಆಟೋದವನು ಹೇಳಿದ. ನಾನೂ ಜಯಮ್ಮನೂ ಎಣ್ಣೂರಿಗೆ ಹೋಗಿ ಅವರ ಹೆಂಡತಿಯನ್ನು ಮಾತಾಡಿಸಿ ಬಂದೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಜಯಮ್ಮನ ಬಲಗಡೆ ಕೂತೆ. "ನಿನ್ನ ಕಿವಿ ಹಾಳು ಮಾಡ್ದೋನು ನಾನು. ತಪ್ಪಾಯ್ತು" ಅಂದೆ. ಹಿಂದಿನ ಸೀಟಿನವರಿಗೂ ಕೇಳಿಸಿರಬೇಕು.

ಅವಳು ಕಂಡಕ್ಟರನಿಂದ ಎರಡು ಟಿಕೆಟ್ ತೆಗೆದುಕೊಂಡು ನನ್ನ ಕೈಗಿಟ್ಟಳು.

"ಅವರಿದ್ದಾಗ ಅಂದಿದ್ರೆ ಅವರಿಗಾದ್ರೂ ಸಮಾಧಾನ ಆಗ್ತಿತ್ತು" ಅಂದಳು.

"ನಿನಗೆ?"

"ನಂಗಿನ್ನೂ ಗೊತ್ತಿಲ್ಲ" ಅಂದಳು ಜಯಮ್ಮ. "ಟಿಕೆಟ್ ಜೋಪಾನವಾಗಿ ಇಟ್ಕೊಳ್ಳಿ."